ದೇಶಾಂತರ ಸಂಸ್ಕಾರ

‘ದೇಶಾಂತರ’ವೆಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು. ಜನರ ಮಾತಿನಲ್ಲಿ ಅದು ಪರದೇಶ. “ಅವನು ದೇಶಾಂತರ ಹೋದ” ಎಂದರೆ ಊರು ಬಿಟ್ಟು ಬಹುದೂರ ಹೋದನೆಂದು ತಾತ್ಪರ್ಯ. ಜ್ಯೋತಿಷದಲ್ಲಾದರೋ ಅದೊಂದು ಗಣಿತ. ಉಜ್ಜಯಿನಿಯ ಮಧ್ಯರೇಖೆಯಿಂದ ಒಂದು ಊರು ಎಷ್ಟು ಪೂರ್ವಕ್ಕೆ ಇಲ್ಲವೆ ಪಶ್ಚಿಮಕ್ಕೆ ಇರುವುದೋ ಅದಕ್ಕೆ ತಕ್ಕಷ್ಟು ಘಳಿಗೆಗಳನ್ನು ಕೂಡಿಸಿಯೋ ಕಳೆದೋ ಆ ಊರಿನ ಕಾಲಕ್ಕೆ ಲೆಕ್ಕವನ್ನು ಹೊಂದಿಸಿಕೊಳ್ಳುವ ಕ್ರಮಕ್ಕೆ ದೇಶಾಂತರ ಸಂಸ್ಕಾರವೆಂದು ಹೆಸರು. ಪಂಚಾಂಗದವರು ಇದನ್ನು ಕಾಗದದ ಮೇಲೆ ಅರ್ಧ ತಾಸಿನಲ್ಲಿ ಮಾಡಿ ಮುಗಿಸುವರು. ವಿಮಾನದಲ್ಲಿ ಕುಳಿತು ಭೂಮಿಯ ಆಚೆಯ ಮಗ್ಗುಲಿಗೆ ಹೋಗಿ ಇಳಿದವನು ಅದನ್ನು ತನ್ನ ಶರೀರದ ಮೇಲೆಯೇ ಮಾಡಿಕೊಳ್ಳಬೇಕಾಗುತ್ತದೆ. ಅದಕ್ಕೆ ಅರ್ಧ ತಾಸು ಸಾಲದು, ಎಂಟು-ಹತ್ತು ದಿವಸಗಳು ಬೇಕು.

ಈ ಮಾತನ್ನು ಬರೆಯಲು ಕಾರಣವುಂಟು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಕ್ಕಳು ಕಲಿತು, ಬೆಂಗಳೂರು, ಹೈದರಾಬಾದುಗಳನ್ನು ದಾಟಿ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸುತ್ತಿರುವರು. ಅವರ ಹಿಂದೆ ತಾಯಿತಂದೆಗಳು ಹೋಗುವರು: ಸೊಸೆಯ ಬಾಣಂತನಕ್ಕೆ, ಮೊಮ್ಮಗನ ಲಾಲನೆಗೆ, ಇಲ್ಲವೆ ಕಣ್ಣು ಕಾಣುತ್ತಿರುವಾಗಲೇ ಮಗನ ಮನೆಯನ್ನೊಮ್ಮೆ ನೋಡಿ ಬರುವುದಕ್ಕೆ. ಹವಳಗಾದಂಥ ಊರಿನಲ್ಲಿ ಜೀವಮಾನ ಕಳೆದವರು, ಸಕ್ಕರೆ ಕಾರ್ಖಾನೆಯ ಭೋಂಗಾ ಕೇಳಿ ಹೊತ್ತು ತಿಳಿಯುತ್ತಿದ್ದವರು, ಅರವತ್ತು ದಾಟಿದ ಮೇಲೆ ಮೊದಲ ಸಲ ವಿಮಾನವೇರುವರು. ಹೊರಡುವ ಮುನ್ನ ಪೆಟ್ಟಿಗೆ ಎಷ್ಟು ಕಿಲೋ ತೂಗುತ್ತದೆಂಬುದನ್ನು ಮನೆಮಂದಿಯೆಲ್ಲ ಕೂಡಿ ವಿಚಾರಿಸುವರು. ಇಳಿದ ಮೇಲಿನ ಹತ್ತು ದಿನಗಳ ವಿಚಾರವನ್ನು ಯಾರೂ ಎತ್ತುವುದಿಲ್ಲ. ಆ ಹತ್ತು ದಿನಗಳಲ್ಲಿ ಎಷ್ಟೋ ಹಿರಿಯರು ತಮಗೇನೋ ಬೇನೆ ತಗುಲಿತೆಂದು ಒಳಗೊಳಗೇ ನವೆಯುವರು. ಮಕ್ಕಳಾದರೋ ಅವ್ವ ಅಪ್ಪನಿಗೆ ಇಲ್ಲಿ ಮನಸ್ಸಿಲ್ಲವೆಂದು ತಪ್ಪು ತಿಳಿಯುವರು. ಬಂದ ಮಗ್ಗುಲಲ್ಲಿಯೇ ಟಿಕೀಟು ಬದಲಿಸಿ ತಿರುಗಿ ಬಂದವರನ್ನೂ ನಾನು ಬಲ್ಲೆನು.

ಭೂಮಿಯ ಒಂದು ಮಗ್ಗುಲಲ್ಲಿ ಹಗಲಾದಾಗ ಇನ್ನೊಂದು ಮಗ್ಗುಲಲ್ಲಿ ಇರುಳೆಂಬುದು ನಮ್ಮ ಪ್ರಾಚೀನರಿಗೆ ಹೊಸ ಸಂಗತಿಯಲ್ಲ. ಆರ್ಯಭಟನು ತನ್ನ ಆರ್ಯಭಟೀಯದ ಗೋಲಪಾದದಲ್ಲಿ ವಿಷುವದ್ರೇಖೆಯ ಮೇಲೆ ನಾಲ್ಕು ಸ್ಥಳಗಳನ್ನು ಕಲ್ಪಿಸಿದ್ದಾನೆ. ಲಂಕೆಯಲ್ಲಿ ಸೂರ್ಯೋದಯವಾದಾಗ ಸಿದ್ಧಪುರದಲ್ಲಿ ಸೂರ್ಯಾಸ್ತ, ಯವಕೋಟಿಯಲ್ಲಿ ನಡುಹಗಲು, ರೋಮಕದಲ್ಲಿ ನಡುರಾತ್ರಿ ಎಂಬುದು ಅವನ ವಚನದ ಸಾರ. ಗ್ರಂಥದ ಕಾಲವನ್ನು ಸಾಮಾನ್ಯವಾಗಿ ಕ್ರಿ. ಶ. 499 ಎಂದು ಎಣಿಸುವರು. ಅವನ ಲಂಕೆಯು ಉಜ್ಜಯಿನಿಯ ರೇಖೆಯಲ್ಲಿರುವ ಒಂದು ಗಣಿತಸ್ಥಾನ. ನಮ್ಮ ಅಫಜಲಪುರ ತಾಲೂಕು ಆ ರೇಖೆಗೆ ಒಂದು ಅಂಶದೊಳಗೇ ಇರುವುದರಿಂದ ನಾವು ಲಂಕೋದಯದವರೆಂದು ಹೇಳಿಕೊಂಡರೆ ಹೆಚ್ಚು ತಪ್ಪಾಗದು. ನಮಗೆ ನೇರ ಎದುರಿನ ಸಿದ್ಧಪುರದ ರೇಖೆ ಪಶ್ಚಿಮ ರೇಖಾಂಶ 104ರ ಆಸುಪಾಸಿನಲ್ಲಿ, ಅಮೆರಿಕ ಖಂಡದ ಮೇಲೆ ಹಾದುಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರವಿರುವುದು 122ನೆಯ ಅಂಶದಲ್ಲಿ. ಅಂತೂ ಮಗನ ಮನೆ ಸಿದ್ಧಪುರದ ನೆರೆಯಲ್ಲಿಯೇ ಇದೆ.

ಆದರೆ ಆರ್ಯಭಟನ ಕಾಲದಲ್ಲಿ ಲಂಕೆಯಿಂದ ಸಿದ್ಧಪುರಕ್ಕೆ ಒಂದು ಹಗಲಿನಲ್ಲಿ ಹೋದವರಿರಲಿಲ್ಲ. ಪುಷ್ಪಕವಿಮಾನವಿತ್ತಲ್ಲ ಎಂದು ಕೇಳುವವರಿಗೆ ಒಂದು ವಿನೋದದ ಉತ್ತರ ಹೇಳಬಹುದು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಸೀತಾದೇವಿಗೆ ಕೆಳಗಿನ ಸಮುದ್ರವನ್ನೂ ಸೇತುವನ್ನೂ ವನಗಳನ್ನೂ ತೋರಿಸುತ್ತ ಅಯೋಧ್ಯೆಗೆ ಬರುತ್ತಾನಷ್ಟೆ. ಸಿಂಹಳವನ್ನೇ ಲಂಕೆಯೆಂದು ಹಿಡಿದರೆ ಆ ಯಾನವು ಬಹುಮಟ್ಟಿಗೆ ದಕ್ಷಿಣದಿಂದ ಉತ್ತರಕ್ಕೆ ನಡೆದದ್ದು. ಎಷ್ಟು ವೇಗದಿಂದ ಹಾರಿದರೂ ಸೂರ್ಯೋದಯದ ಹೊತ್ತು ಅಷ್ಟಾಗಿ ಕದಲುವುದಿಲ್ಲ. ಆದುದರಿಂದ ಅಯೋಧ್ಯೆಯಲ್ಲಿ ಇಳಿದ ರಾತ್ರಿ ಸೀತಾರಾಮರಿಗೆ ನಿದ್ರಾಭಂಗವಾಗಿದ್ದರೆ ಅದಕ್ಕೆ ಬೇರೆ ಕಾರಣವಿರಬೇಕು.

ಹಡಗಿನ ಕಾಲದಲ್ಲಿಯೂ ಈ ತೊಂದರೆಯಿರಲಿಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ ಕರ್ಮಗಳಲ್ಲಿ ಸೇರಿಸಿದ್ದರಿಂದ ಅನೇಕ ಮನೆತನಗಳವರು ನೀರು ದಾಟಲು ಅಂಜುತ್ತಿದ್ದರು. ಆದರೆ ದಾಟಿದವರ ನಿದ್ರೆ ಕೆಡುತ್ತಿರಲಿಲ್ಲ. ಸ್ವಾಮಿ ವಿವೇಕಾನಂದರು 1893ನೆಯ ಇಸವಿ ಮೇ 31ರಂದು ಮುಂಬಯಿಯಿಂದ ಹಡಗನ್ನೇರಿ, ಚೀನ ಜಪಾನುಗಳನ್ನು ನೋಡುತ್ತ, ಜುಲೈ 25ರಂದು ಕೆನಡದ ವ್ಯಾಂಕೂವರ್ ಬಂದರವನ್ನು ಮುಟ್ಟಿದರು. ಹಡಗು ದಿನಕ್ಕೆ ಅರ್ಧ ತಾಸಿನಷ್ಟು ಕಾಲವನ್ನು ಸರಿಸುತ್ತ ಹೋಗುವಾಗ ಶರೀರವೂ ಅದರ ಜೊತೆ ಸರಿಯುತ್ತದೆ. ಪ್ರವಾಸಿಯೂ ಅವನ ನಿದ್ರೆಯೂ ಒಂದೇ ದಿನ ದಡ ಸೇರುತ್ತಿದ್ದವು.

ಈ ಹೊಂದಾಣಿಕೆಯನ್ನು ಮುರಿದದ್ದು ವಿಮಾನ. 1935ರ ನವೆಂಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ ‘ಚೈನಾ ಕ್ಲಿಪ್ಪರ್’ ಎಂಬ ನೀರ್ವಿಮಾನವು ಟಪಾಲು ಚೀಲಗಳನ್ನು ಹೊತ್ತು ಹೊರಟು, ದ್ವೀಪದಿಂದ ದ್ವೀಪಕ್ಕೆ ಇಳಿಯುತ್ತ, ನವೆಂಬರ್ 29ರಂದು ಮನಿಲಾ ತಲುಪಿತು. ಪೆಸಿಫಿಕ್ ಮಹಾಸಾಗರದ ಮೇಲೆ ಮೊದಲ ವಿಮಾನ ಟಪಾಲು ಅದೇ. (ಕಾಕತಾಲೀಯವೆಂಬಂತೆ ನಮ್ಮ ಕಲಬುರಗಿಯ ವಿಮಾನನಿಲ್ದಾಣವು ಬಳಕೆಗೆ ತೆರೆದದ್ದೂ ನವೆಂಬರ್ 22ರಂದೇ, ಇಸವಿ ಮಾತ್ರ 2019.) ನಮ್ಮ ದೇಶದ ಏರ್ ಇಂಡಿಯಾ ಸಂಸ್ಥೆಯ ಮೊದಲ ಪರದೇಶ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹೊರಟದ್ದು 1948ರ ಜೂನ್ 8ರಂದು. ಅಲ್ಲಿಂದ ಎಪ್ಪತ್ತೆರಡು ವರ್ಷಗಳ ತರುವಾಯ, 2021ರ ಜನವರಿಯಲ್ಲಿ, ಅದೇ ಸಂಸ್ಥೆಯ ವಿಮಾನವು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂತು. ಎರಡು ನಗರಗಳ ಅಂತರ ಸುಮಾರು 14,000 ಕಿಲೋಮೀಟರು. ಕ್ಯಾಪ್ಟನ್ ಜೋಯಾ ಅಗರವಾಲರ ನೇತೃತ್ವದಲ್ಲಿ ನಾಲ್ವರು ಮಹಿಳೆಯರೇ ಅದನ್ನು ನಡೆಯಿಸಿದರು. ವಿಮಾನ ಅಲ್ಲಿ ಮೇಲೆದ್ದದ್ದು 9ನೆಯ ತಾರೀಖಿನ ರಾತ್ರಿ. ಇಲ್ಲಿ ಇಳಿದದ್ದು 11ನೆಯ ತಾರೀಖಿನ ಬೆಳಗಿನ ಜಾವ. ಹಾರಿದ ಅವಧಿಯೇನೋ ಹದಿನೇಳು ತಾಸಿನ ಸುಮಾರು. ಆದರೆ ಅದರಲ್ಲಿದ್ದವರ ಪಾಲಿಗೆ 10ನೆಯ ತಾರೀಖು ಬಹುಮಟ್ಟಿಗೆ ಆಕಾಶದಲ್ಲಿಯೇ ಕರಗಿಹೋಯಿತು. ಬೆಂಗಳೂರಿನಿಂದ ಅತ್ತ ಹೊರಟವರಿಗೆ ಇದರ ವಿಪರೀತ: ಮಧ್ಯಾಹ್ನ ಊಟ ಮಾಡಿ ಹೊರಟು, ನಡುವೆ ಒಂದು ಗಿಡ್ಡ ಇರುಳನ್ನು ಕಳೆದು, ಅದೇ ತಾರೀಖಿನ ಸಂಜೆ ಅಲ್ಲಿ ಇಳಿಯುವ ಏರ್ಪಾಡು. ಏಕಾದಶಿ ಹಿಡಿಯುವವರು ಈ ಪ್ರಯಾಣದಲ್ಲಿ ಯಾವ ದಿನ ಉಪವಾಸವಿರಬೇಕೆಂಬುದನ್ನು ಧರ್ಮಸಿಂಧುವಿನಲ್ಲಿ ಹುಡುಕುವುದು ವ್ಯರ್ಥ.

ನೇರ ವಿಮಾನಗಳ ವೇಳಾಪತ್ರಿಕೆ ಆಗಾಗ ಬದಲಾಗುತ್ತಿರುತ್ತದೆ. ಕಲಬುರಗಿಯ ವಿಮಾನಗಳಂತೂ ಬರುತ್ತವೆ, ನಿಲ್ಲುತ್ತವೆ. ಆದಕಾರಣ ನಮ್ಮವರು ರೈಲಿನಿಂದಲೋ ಮೋಟಾರಿನಿಂದಲೋ ಹೈದರಾಬಾದು, ಮುಂಬಯಿ ಇಲ್ಲವೆ ಬೆಂಗಳೂರನ್ನು ಸೇರಿ, ಅಲ್ಲಿಂದ ಕೊಲ್ಲಿದೇಶದಲ್ಲಿಯೋ ಯೂರೋಪಿನಲ್ಲಿಯೋ ವಿಮಾನ ಬದಲಿಸಿ ಹೋಗುವುದೇ ಹೆಚ್ಚು. ನಾವು ದಂಪತಿಗಳು 2023ರ ಜೂನ್ ತಿಂಗಳಲ್ಲಿ ಹೋದದ್ದು ದುಬೈ ಮಾರ್ಗದಿಂದ. ದುಬೈಯಲ್ಲಿ ಬೆಳಿಗ್ಗೆ ಮೇಲೆದ್ದ ವಿಮಾನ ಧ್ರುವದ ಸಮೀಪದ ಹಿಮಪ್ರದೇಶಗಳ ಮೇಲಿಂದ ಹದಿನಾರು ತಾಸು ಹಾರಿತು. ಆ ಹದಿನಾರು ತಾಸುಗಳಲ್ಲಿ ಸೂರ್ಯನು ಮುಳುಗಲೇ ಇಲ್ಲ. ಜೂನಿನಲ್ಲಿ ಧ್ರುವಪ್ರದೇಶಕ್ಕೆ ಇರುಳಿಲ್ಲವೆಂಬುದನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವನು. ಕಿಟಕಿಯ ಪರದೆ ಸರಿಸಿದಾಗಲೆಲ್ಲ ಅದೇ ಬಿಳಿಯ ಬಿಸಿಲು ಕಣ್ಣಿಗೆ ಹೊಡೆಯುವುದನ್ನು ಕಂಡು ಅದರ ಅರ್ಥ ಬೇರೊಂದು ರೀತಿಯಲ್ಲಿ ಮನದಟ್ಟಾಯಿತು. ಸಂಧ್ಯಾವಂದನೆಗೆ ಸಂಧ್ಯೆಯೇ ಒದಗದ ದಿನವದು.

ವಿಮಾನದ ಒಳಗಿನ ಗಾಳಿಯ ಒತ್ತಡವು ಸಮುದ್ರಮಟ್ಟದಿಂದ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟು ಇರುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಹದಿನಾರು ತಾಸು ಕಾಲು ಮಡಚಿ ಕುಳಿತಂತೆ ಎಂದು ಭಾವಿಸಿದರೆ ಸರಿಹೋಗುತ್ತದೆ. ಗಾಳಿ ಬಹಳ ಒಣಗಿದ್ದು. ಬಾಯಾರಿಕೆ ತಿಳಿಯುವುದರೊಳಗಾಗಿಯೇ ಶರೀರದ ನೀರು ಹೋಗಿರುತ್ತದೆ. ಕಾಲುಗಳಲ್ಲಿ ರಕ್ತ ನಿಂತು ಬಾವು ಬರುವುದುಂಟು; ಕೆಲವರಿಗೆ ಅದು ಹೆಪ್ಪುಗಟ್ಟಿ ಅಪಾಯಕ್ಕೂ ಕಾರಣವಾಗುತ್ತದೆ. ನಮ್ಮ ಹೆಣ್ಣುಮಕ್ಕಳು ಶೌಚಗೃಹಕ್ಕೆ ಎದ್ದು ಹೋಗುವ ಸಂಕೋಚಕ್ಕಾಗಿ ನೀರು ಕುಡಿಯದೆ ಕೂಡ್ರುತ್ತಾರೆ. ಇದು ಸರ್ವಥಾ ಕೂಡದು. ಪಕ್ಕದವನು ಮುಖ ಗಂಟಿಕ್ಕಿದರೂ ಚಿಂತೆಯಿಲ್ಲ. ಎರಡು ತಾಸಿಗೊಮ್ಮೆ ಎದ್ದು ಓಣಿಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡತಕ್ಕದ್ದು.

ಸ್ಯಾನ್ ಫ್ರಾನ್ಸಿಸ್ಕೋದ ವಿಮಾನನಿಲ್ದಾಣವು ಕೊಲ್ಲಿಯ ಅಂಚಿನಲ್ಲಿ, ನೀರನ್ನು ತುಂಬಿ ಮಾಡಿದ ನೆಲದ ಮೇಲೆ ಇರುವುದು. ಇಳಿಯುವಾಗ ಕೆಳಗೆ ನೀರಲ್ಲದೆ ಮತ್ತೇನೂ ಕಾಣುವುದಿಲ್ಲ. ಅಲೆ ಹತ್ತಿರವಾಗುತ್ತದೆ, ಇನ್ನೂ ಹತ್ತಿರವಾಗುತ್ತದೆ, ಇನ್ನೇನು ಮುಳುಗಿದೆವೆಂದು ನನ್ನ ಪತ್ನಿಯು ದತ್ತ ಮಹಾರಾಜರ ಸ್ಮರಣೆ ಮಾಡುವಷ್ಟರಲ್ಲಿ ಗಾಲಿಗಳು ನೆಲಕ್ಕೆ ತಾಗಿದವು. ನದಿಯೆಂದರೆ ಭೀಮೆ, ಸಂಗಮವೆಂದರೆ ಗಾಣಗಾಪುರದಲ್ಲಿ ಅಮರ್ಜೆ ಕೂಡುವ ಸ್ಥಳ ಎಂದು ತಿಳಿದಿದ್ದವಳು ಅವಳು. ಸ್ಥಳೀಯ ವೇಳೆ ಮಧ್ಯಾಹ್ನ ಒಂದು ಗಂಟೆ. ಹವಳಗಾದಲ್ಲಿ ಆಗ ರಾತ್ರಿ ಒಂದೂವರೆ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಹನ್ನೆರಡೂವರೆ ತಾಸಿನ ಅಂತರ. ನವೆಂಬರಿನ ಮೊದಲ ರವಿವಾರ ಅಲ್ಲಿಯವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವುದರಿಂದ ಆಮೇಲೆ ಹದಿಮೂರೂವರೆ. ಮಾರ್ಚಿ ತಿಂಗಳ ಎರಡನೆಯ ರವಿವಾರ ಪುನಃ ಮುಂದಕ್ಕೆ.

ಇಳಿದೊಡನೆ ಎದುರಾಗುವುದು ಪ್ರವೇಶಾಧಿಕಾರಿಯ ಕಟ್ಟೆ. ಇಲ್ಲಿ ನಮ್ಮ ಹಿರಿಯರಿಗೆ ಬಹಳ ಭಯ. ಕೇಳುವ ಪ್ರಶ್ನೆಗಳಾದರೋ ನಾಲ್ಕೇ: ಏಕೆ ಬಂದಿರಿ, ಎಷ್ಟು ದಿನ ಇರುವಿರಿ, ಎಲ್ಲಿ ಇರುವಿರಿ, ತಿರುಗಿ ಹೋಗುವ ಟಿಕೀಟು ಇದೆಯೋ. ಬೆರಳಚ್ಚು, ಭಾವಚಿತ್ರಗಳನ್ನು ತೆಗೆದುಕೊಳ್ಳುವರು. ಇಂಗ್ಲಿಷ್ ಬಾರದವರು ದುಭಾಷಿಯನ್ನು ಕೇಳಬಹುದು, ಕೇಳುವುದರಲ್ಲಿ ಅವಮಾನವಿಲ್ಲ. ಮಗನ ಮನೆಯ ವಿಳಾಸವನ್ನೂ ದೂರವಾಣಿ ಅಂಕಿಯನ್ನೂ ಕಾಗದದ ಮೇಲೆ ಬರೆದು ಕೈಯಲ್ಲಿ ಹಿಡಿದಿರಬೇಕು, ಏಕೆಂದರೆ ಮೊಬೈಲಿನ ಬ್ಯಾಟರಿ ಸರಿಯಾಗಿ ಅದೇ ಸಮಯಕ್ಕೆ ಮುಗಿದಿರುತ್ತದೆ. ನಡೆಯಬಲ್ಲವರೂ ಗಾಲಿಕುರ್ಚಿಯನ್ನು ಬೇಡಿ ಕೂಡ್ರುವುದನ್ನು ಕಂಡು ಮೊದಲು ನನಗೆ ನಗೆ ಬಂದಿತ್ತು. ಅನಂತರ ವಿಚಾರಿಸಿದರೆ ಅವರಿಗೆ ಬೇಕಾದದ್ದು ಗಾಲಿಯಲ್ಲ, ಅದನ್ನು ತಳ್ಳುತ್ತ ದಾರಿ ತೋರಿಸುವ ಮನುಷ್ಯ. ಭಾಷೆ ಬಾರದ ಊರಿನಲ್ಲಿ ಅದೂ ಒಂದು ಉಪಾಯವೇ ಸರಿ.

ಒಂದು ಸಂಗತಿಯನ್ನು ಮಾತ್ರ ಗೃಹಸ್ಥರು ಚೆನ್ನಾಗಿ ಲಕ್ಷ್ಯದಲ್ಲಿಡಬೇಕು. ವೀಸಾದ ಮೇಲೆ ಹತ್ತು ವರ್ಷದ ಅವಧಿ ಬರೆದಿದ್ದರೆ ಹತ್ತು ವರ್ಷ ಅಲ್ಲಿರಬಹುದೆಂದು ಅರ್ಥವಲ್ಲ. ಅದು ಬಾಗಿಲು ತಟ್ಟುವ ಅಧಿಕಾರ ಮಾತ್ರ. ಎಷ್ಟು ದಿನ ಒಳಗಿರಬಹುದೆಂಬುದನ್ನು ಆ ಕಟ್ಟೆಯ ಅಧಿಕಾರಿಯೇ ನಿರ್ಣಯಿಸುವನು. ಮಕ್ಕಳನ್ನು ನೋಡಲು ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುವರು. ಆ ತಾರೀಖು ಗಣಕಯಂತ್ರದಲ್ಲಿ ದಾಖಲಾಗಿರುತ್ತದೆ. ಮನೆಗೆ ಹೋದ ದಿನವೇ ಮಗನಿಂದ ಅದನ್ನು ತೆಗೆಯಿಸಿ, ಓದಿ, ಬರೆದಿಟ್ಟುಕೊಳ್ಳಬೇಕು.

ಮುಂದೆ ಸುಂಕದವರು. ತಾಯಂದಿರ ಪೆಟ್ಟಿಗೆಯಲ್ಲಿ ಪ್ರೀತಿಯೇ ಮುಕ್ಕಾಲು ಭಾಗ ತುಂಬಿರುತ್ತದೆ. ಆದರೆ ಆ ದೇಶದವರು ತಮ್ಮ ಹೊಲಗಳಿಗೆ ಪರದೇಶದ ಹುಳು ಬೀಳಬಾರದೆಂದು ಬಹಳ ಕಟ್ಟುನಿಟ್ಟಾಗಿರುವರು. ಕರಿಬೇವು, ಮಾವಿನಹಣ್ಣು, ಮಾಂಸದ ಪದಾರ್ಥಗಳನ್ನು ಒಯ್ಯಕೂಡದು. ಅಕ್ಕಿಯೂ ಕೂಡದು, ಧಾನ್ಯವನ್ನು ಕೊರೆಯುವ ಒಂದು ಬಗೆಯ ಹುಳುವಿಗಾಗಿ ನಮ್ಮ ದೇಶದ ಅಕ್ಕಿಯನ್ನು ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಕಡಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿಗಳಿಗೆ ನಮಗೆ ತಡೆಯಾಗಲಿಲ್ಲ. ಏನಿದ್ದರೂ ‘ತಿನ್ನುವ ಪದಾರ್ಥವಿದೆ’ ಎಂದು ಮೊದಲೇ ಹೇಳಿಬಿಡುವುದು ಮುಖ್ಯ. ಹೇಳಿದ ವಸ್ತು ಕೂಡದ್ದಾದರೆ ತೆಗೆದಿಟ್ಟುಕೊಳ್ಳುವರು, ಅಷ್ಟೆ. ಮುಚ್ಚಿಟ್ಟದ್ದು ಸಿಕ್ಕರೆ ಸಾವಿರ ಡಾಲರಿನವರೆಗೆ ದಂಡ ಹಾಕಬಹುದು.

ಹೊರಗೆ ಕಾಲಿಟ್ಟಾಗ ಚಳಿ. ಸಮುದ್ರತೀರವೆಂದರೆ ಮುಂಬಯಿಯಂತೆ ಬೆವರಿಳಿಯುವ ಊರೆಂದು ನಾವು ತಿಳಿದಿರುತ್ತೇವೆ. ಈ ಊರಿನ ಸಮುದ್ರ ಬೇರೆ ಜಾತಿಯದು. ಉತ್ತರದಿಂದ ತಣ್ಣನೆಯ ಪ್ರವಾಹವೊಂದು ಕರಾವಳಿಯನ್ನು ಉಜ್ಜಿಕೊಂಡು ಹರಿಯುತ್ತದೆ. ಗಾಳಿಯು ಮೇಲಿನ ನೀರನ್ನು ಆಚೆ ತಳ್ಳಿದಂತೆ ಆಳದ ಶೀತಜಲ ಮೇಲಕ್ಕೆ ಬರುತ್ತದೆ. ಒಳನಾಡಿನ ಬಯಲು ಬೇಸಿಗೆಯಲ್ಲಿ ನಮ್ಮ ಕಲಬುರಗಿಯಂತೆಯೇ ಕಾಯುವುದು. ಅಲ್ಲಿ ಬಿಸಿಗಾಳಿ ಮೇಲಕ್ಕೇರಿದಾಗ ಸಮುದ್ರದ ಮಂಜು ಗೋಲ್ಡನ್ ಗೇಟ್ ಎಂಬ ಜಲದ್ವಾರದ ಮೂಲಕ ಒಳಗೆ ನುಗ್ಗುತ್ತದೆ. 1937ರಲ್ಲಿ ತೆರೆದ ಅಲ್ಲಿಯ ಪ್ರಸಿದ್ಧ ಕೆಂಪು ಸೇತುವೆಯ ಕಂಬಗಳ ತುದಿ ಮಾತ್ರ ಎಷ್ಟೋ ದಿನ ಮೋಡದ ಮೇಲೆ ಕಾಣುತ್ತಿರುತ್ತದೆ. ಜುಲೈ ತಿಂಗಳಲ್ಲಿಯೂ ಆ ನಗರದ ಹಗಲಿನ ಉಷ್ಣತೆ 20 ಅಂಶದ ಸುಮಾರು. ಉಣ್ಣೆಯ ಬಟ್ಟೆಯನ್ನು ದೊಡ್ಡ ಪೆಟ್ಟಿಗೆಯ ತಳದಲ್ಲಿ ಇಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳುವವನು ಜಾಣ.

ಇಷ್ಟಾಗಿ ಮನೆ ಮುಟ್ಟಿ, ಮೊಮ್ಮಗುವನ್ನು ಎತ್ತಿ ಮುದ್ದಾಡಿ, ಉಂಡು ಮಲಗಿದರೆ ಬಂದು ಸೇರಿದಂತಾಯಿತೆಂದು ಎಲ್ಲರ ಎಣಿಕೆ. ದೇಶಾಂತರ ಸಂಸ್ಕಾರ ಆರಂಭವಾಗುವುದು ಅಂದಿನ ನಡುರಾತ್ರಿಯಲ್ಲಿ. ಎರಡು ಗಂಟೆಗೆ ಕಣ್ಣು ತೆರೆಯಿತೆಂದರೆ ತೆರೆಯಿತು. ನಮ್ಮ ಶರೀರಕ್ಕೆ ಅದು ಮಧ್ಯಾಹ್ನ ಎರಡೂವರೆ. ಹೊಟ್ಟೆ ಹಸಿಯುತ್ತದೆ, ಬುದ್ಧಿ ಚುರುಕಾಗಿರುತ್ತದೆ, ಮನೆಯೆಲ್ಲ ನಿಶ್ಶಬ್ದ. ಮೂರನೆಯ ರಾತ್ರಿ ನನ್ನ ಪತ್ನಿಯು ಸದ್ದಾಗದಂತೆ ಅಡಿಗೆಮನೆಗೆ ಹೋಗಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಮೆಣಸಿನಕಾಯಿಯ ಘಾಟು ಮೇಲೇರಿದ್ದೇ ತಡ, ಚಾವಣಿಯಲ್ಲಿದ್ದ ಹೊಗೆಯ ಯಂತ್ರವು ಊರಿಗೆ ಬೆಂಕಿ ಬಿದ್ದಂತೆ ಒದರತೊಡಗಿತು. ಮಗ, ಸೊಸೆ, ಕೂಸು ಮೂವರೂ ಎದ್ದು ಬಂದರು. “ಅವ್ವಾ, ಹಸಿವಾದರ ನನ್ನ ಎಬ್ಬಿಸಬೇಕಿಲ್ಲೇನು?” ಎಂದ ಮಗ. “ದಿನಾ ದುಡೀಲಿಕ್ಕೆ ಹೋಗಾಂವ ನೀನು, ನಡುರಾತ್ರಿ ಹ್ಯಾಂಗ ಎಬ್ಬಿಸಲೊ ತಮ್ಮಾ?” ಎಂದಳು ಅವಳು. ಈ ಎರಡು ಮಾತುಗಳ ನಡುವೆಯೇ ಎಷ್ಟೋ ಮನೆಗಳ ದುಃಖವಿರುತ್ತದೆ. ಹಗಲು ಮಕ್ಕಳು ಕೆಲಸಕ್ಕೆ ಹೋದಾಗ ಹಿರಿಯರು ತೂಕಡಿಸುವರು. ಮಕ್ಕಳು ಮನೆಗೆ ಬಂದು ಮಾತಾಡಲು ಕೂತಾಗ ಅವರ ರೆಪ್ಪೆ ಮುಚ್ಚುವುದು.

ಇದರ ಕಾರಣವನ್ನು ಶಾಸ್ತ್ರಜ್ಞರು ಈಗ ಚೆನ್ನಾಗಿ ವಿವರಿಸಿದ್ದಾರೆ. ಮಿದುಳಿನೊಳಗೆ, ಎರಡು ಕಣ್ಣುಗಳ ನರಗಳು ಹೆಣೆದುಕೊಳ್ಳುವ ಸ್ಥಳದ ಮೇಲುಗಡೆ, ಸುಮಾರು 20,000 ಜೀವಕೋಶಗಳ ಒಂದು ಸಣ್ಣ ಗಂಟಿದೆ. ನಿದ್ರೆ, ಹಸಿವು, ಮೈಯ ಬಿಸಿ ಎಲ್ಲಕ್ಕೂ ಹೊತ್ತು ಹೇಳುವ ಗಡಿಯಾರ ಅದೇ. ಜೀವಕೋಶದ ಒಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಹಣ್ಣಿನ ನೊಣದಲ್ಲಿ ಶೋಧಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ಅದನ್ನು ಹೊಸ ಊರಿನ ಹೊತ್ತಿಗೆ ತಿರುಗಿಸಿದರೆ ದಿನಕ್ಕೆ ಸುಮಾರು ಒಂದು ತಾಸು, ಅಂದರೆ ಎರಡೂವರೆ ಘಳಿಗೆ, ಸರಿಯುತ್ತದೆ. ಹೆಚ್ಚು ಅವಸರ ಮಾಡಿದರೆ ಕೇಳುವುದಿಲ್ಲ. ವಯಸ್ಸಾದವರಲ್ಲಿ ಇನ್ನೂ ನಿಧಾನ. ಹಗಲಿನಲ್ಲಿ ಅಂಗಳದ ಬಿಸಿಲಿನಲ್ಲಿ ತಿರುಗಾಡುವುದು, ಅಲ್ಲಿಯ ಊಟದ ಹೊತ್ತಿಗೆ ತುಸುವಾದರೂ ಉಣ್ಣುವುದು, ಮಧ್ಯಾಹ್ನ ಅರ್ಧ ತಾಸಿಗಿಂತ ಹೆಚ್ಚು ಮಲಗದಿರುವುದು: ಇವೇ ಈ ಸಂಸ್ಕಾರದ ಕ್ರಿಯೆಗಳು. ರಾತ್ರಿ ಎಚ್ಚರವಾದರೆ ದೀಪ ಹಚ್ಚದೆ ಜಪ ಮಾಡುತ್ತ ಮಲಗಿರುವುದು ಲೇಸು.

ಗುಳಿಗೆ ತೆಗೆದುಕೊಳ್ಳುವವರಿಗೆ ಇದು ಬರಿಯ ನಿದ್ರೆಯ ಮಾತಾಗಿ ಉಳಿಯುವುದಿಲ್ಲ. ನಮ್ಮ ಬೀಗರ ಕಡೆಯ ಒಬ್ಬ ವೃದ್ಧೆಗೆ ಬಹುಕಾಲದಿಂದ ಸಕ್ಕರೆ ಬೇನೆ. ಅಲ್ಲಿ ಇಳಿದ ದಿನ ಸಂಜೆ ಏಳು ಗಂಟೆಗೆ ಅವರು ವಾಡಿಕೆಯಂತೆ ರಾತ್ರಿಯ ಗುಳಿಗೆಯನ್ನು ನುಂಗಿದರು. ಶರೀರಕ್ಕೆ ಅದು ಬೆಳಗಿನ ಏಳೂವರೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಬೆಳಗು. ಊಟ ಬೇಡವೆನಿಸಿತು, ಎರಡು ತುತ್ತು ತಿಂದು ಮಲಗಿಬಿಟ್ಟರು. ನಡುರಾತ್ರಿ ಸೊಸೆಗೆ ನರಳಿದ ಸದ್ದು ಕೇಳಿಸಿ ಹೋಗಿ ನೋಡುತ್ತಾಳೆ: ಮೈಯೆಲ್ಲ ತಣ್ಣನೆಯ ಬೆವರು, ಕೈಕಾಲು ನಡುಕ, ಮಾತು ತೊದಲು. ಆ ಹುಡುಗಿ ಜಾಣೆ. ಕೂಡಲೆ ಸಕ್ಕರೆಯ ನೀರು ಕುಡಿಸಿ, ಬೆರಳು ಚುಚ್ಚಿ ಅಳತೆ ನೋಡಿ, ವೈದ್ಯರನ್ನು ಕರೆದಳು. ರಕ್ತದಲ್ಲಿಯ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಅವಳು ಇನ್ನೊಂದು ತಾಸು ಮಲಗಿಯೇ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಮನೆಯವರು ಇಂದಿಗೂ ಬಾಯಿಬಿಟ್ಟು ಆಡುವುದಿಲ್ಲ. ಸಕ್ಕರೆ ಬೇನೆ, ರಕ್ತದೊತ್ತಡ, ಹೃದಯದ ಔಷಧ ತೆಗೆದುಕೊಳ್ಳುವವರು ಹೊರಡುವ ಮುನ್ನವೇ ತಮ್ಮ ವೈದ್ಯರ ಬಳಿಗೆ ಪ್ರಯಾಣದ ವೇಳಾಪತ್ರಿಕೆಯನ್ನು ಒಯ್ದು, ವಿಮಾನದಲ್ಲಿ ಎಷ್ಟು ತಾಸಿಗೆ, ಇಳಿದ ಮೇಲೆ ಎಷ್ಟು ತಾಸಿಗೆ, ಉಣ್ಣದಿದ್ದರೆ ಏನು ಎಂಬುದನ್ನು ಬರೆಯಿಸಿಕೊಳ್ಳಲೇಬೇಕು. ಔಷಧವನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ದೊಡ್ಡ ಪೆಟ್ಟಿಗೆ ಒಮ್ಮೊಮ್ಮೆ ಎರಡು ದಿನ ತಡೆದು ಬರುವುದುಂಟು.

ನಿದ್ರೆ ಊರು ಸೇರಿದ ಮೇಲೆ ಊರು ನೋಡುವ ಮನಸ್ಸಾಗುತ್ತದೆ. ಕೊಲ್ಲಿಯ ನಡುವೆ ಏಂಜಲ್ ಐಲೆಂಡ್ ಎಂಬ ದ್ವೀಪಕ್ಕೆ ದೋಣಿಯಲ್ಲಿ ಹೋಗಬಹುದು. 1910ರಿಂದ 1940ರ ತನಕ ಹಡಗಿನಿಂದ ಇಳಿದ ಏಷ್ಯದವರನ್ನು ಅಲ್ಲಿಯ ಕಟ್ಟಡದಲ್ಲಿ ಕೂಡಿಹಾಕಿ ವಿಚಾರಿಸುತ್ತಿದ್ದರು. ಹೆಚ್ಚಿನವರು ಚೀನದವರು, ಪಂಜಾಬದ ನಮ್ಮವರೂ ಇದ್ದರು. ಗೋಡೆಯ ಹಲಗೆಗಳ ಮೇಲೆ ಚೀನೀಯರು ಕೊರೆದ ಪದ್ಯಗಳು ಈಗಲೂ ಇವೆ. 1917ರ ಕಾನೂನು ಭಾರತದವರು ಬಂದು ನೆಲೆಸುವುದನ್ನು ನಿಷೇಧಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವು ಭಾರತೀಯನು ಅಲ್ಲಿಯ ನಾಗರಿಕನಾಗಲಾರನೆಂದು ತೀರ್ಪು ಕೊಟ್ಟಿತು. 1946ರಲ್ಲಿ ಬಾಗಿಲು ತುಸು ತೆರೆದು ವರ್ಷಕ್ಕೆ ನೂರು ಜನರಿಗೆ ಅವಕಾಶವಾಯಿತು. 1965ರ ಕಾನೂನಿನಿಂದ ಮಾತ್ರ ಕಲಿತವರಿಗೆ ನಿಜವಾಗಿ ದಾರಿಯಾಯಿತು. ಪ್ರವೇಶಾಧಿಕಾರಿಯ ಮುಂದೆ ಹತ್ತು ನಿಮಿಷ ನಿಲ್ಲುವುದೇ ಕಷ್ಟವೆಂದವರು ಈ ದ್ವೀಪವನ್ನು ನೋಡಿ ಬರಬೇಕು. ಮಗನಿಗೆ ಇದಾವುದೂ ಗೊತ್ತಿರಲಿಲ್ಲ. ಆ ಊರಿನಲ್ಲಿ ಎಂಟು ವರ್ಷ ಇದ್ದವನು.

ನಗರದೊಳಗೆ ವೇದಾಂತ ಸಮಾಜದ ಹಳೆಯ ಮಂದಿರವಿದೆ. ವಿವೇಕಾನಂದರು 1900ರಲ್ಲಿ ಅಲ್ಲಿ ಉಪನ್ಯಾಸ ಮಾಡಿದ ಫಲವಾಗಿ ಹುಟ್ಟಿದ ಸಂಸ್ಥೆ ಅದು; ಮಂದಿರದ ಪ್ರತಿಷ್ಠೆ 1906ರಲ್ಲಿ. ಅದೇ ವರ್ಷದ ಏಪ್ರಿಲಿನಲ್ಲಿ ನಗರವನ್ನು ಕೆಡವಿದ ಮಹಾಭೂಕಂಪದಲ್ಲಿಯೂ ಅದು ಉಳಿಯಿತು. ಕನ್ನಡಿಗರ ಕೂಟವೂ ಉತ್ತರ ಕ್ಯಾಲಿಫೋರ್ನಿಯದಲ್ಲಿ 1973ರಿಂದ ನಡೆದುಬಂದಿದೆ. ಅದರ ಸಮಾರಂಭಕ್ಕೆ ಹೋದಾಗ ಮೈಸೂರು ಸೀಮೆಯ ಒಬ್ಬ ಹಿರಿಯರು “ತಾವು ಬಂದು ಎಷ್ಟು ದಿನವಾಯಿತು?” ಎಂದು ಕೇಳಿದರು. ಹದಿನೈದು ದಿನವೆಂದೆ. “ಹಾಗಾದರೆ ನಿದ್ದೆ ಬಂದು ಸೇರಿರಬೇಕು” ಎಂದು ನಕ್ಕರು. ಅನುಭವಸ್ಥರು. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಗ್ರಂಥಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಇಂಥ ಹಿರಿಯರು ಅಲ್ಲಿ ಎಣಿಕೆಗೆ ಸಿಕ್ಕುವಷ್ಟಿದ್ದರು. ಈಗ ಸಂಜೆಯ ಹೊತ್ತು ಉದ್ಯಾನದ ಬೆಂಚುಗಳ ಮೇಲೆ ನಾಲ್ಕೈದು ಭಾಷೆಗಳ ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಆಡಿಸುತ್ತ ಕೂಡ್ರುವರು.

ನಾವು ಆರು ತಿಂಗಳು ತುಂಬುವ ಮುನ್ನ ನವೆಂಬರಿನ ಕಡೆಯಲ್ಲಿ ಹೊರಡುವವರಿದ್ದೆವು. ಆ ತಿಂಗಳ ನಡುವೆ ಒಂದು ದಿನ ಮಗನು ನಮ್ಮನ್ನು ಪಶ್ಚಿಮದ ಕಡಲ ದಂಡೆಗೆ ಕರೆದೊಯ್ದನು. ಮಂಜಿಲ್ಲದ ಸಂಜೆ. ಐದು ಗಂಟೆಗೆ ಎರಡು ಮೂರು ನಿಮಿಷ ಮೊದಲು ಸೂರ್ಯಬಿಂಬ ನೀರನ್ನು ಮುಟ್ಟಿತು. ಆರ್ಯಭಟನ ಮಾತು ನೆನಪಾಗಿ, ಹವಳಗಾದಲ್ಲಿದ್ದ ನನ್ನ ತಮ್ಮನಿಗೆ ಫೋನ್ ಹಚ್ಚಿಸಿ, “ಹೊತ್ತು ಮೂಡಿತೇನು?” ಎಂದು ಕೇಳಿದೆ.

“ಈಗs ಮೂಡಲಿಕ್ಕತ್ತದ ಅಣ್ಣಾ. ಕಾರ್ಖಾನಿ ಮುಂದ ಕಬ್ಬಿನ ಗಾಡಿ ಸಾಲು ಹಚ್ಚಿ ನಿಂತಾವ. ಯಾಕ, ಇಷ್ಟು ನಸುಕಿನ್ಯಾಗ ಫೋನ್ ಮಾಡೀರಿ, ಆರಾಮ ಇದ್ದೀರಿಲ್ಲೋ?”

ರೇಖಾಂಶದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿದ್ಧಪುರಕ್ಕಿಂತ ಹದಿನೆಂಟು ಅಂಶ ಪಶ್ಚಿಮಕ್ಕಿದೆ. ಆದುದರಿಂದ ಅಲ್ಲಿಯ ಅಸ್ತ ಒಂದು ತಾಸಿನ ಮೇಲೆ ತಡವಾಗಬೇಕು. ಆದರೆ ಉತ್ತರದ ಊರುಗಳಿಗೆ ಚಳಿಗಾಲದ ಹಗಲು ಗಿಡ್ಡವಾದ್ದರಿಂದ ಆ ತಡ ನವೆಂಬರಿನ ನಡುವೆ ಸರಿದೂಗಿಹೋಗುತ್ತದೆ. ಇದನ್ನು ಮರಳಿನ ಮೇಲೆ ಕೋಲಿನಿಂದ ಗೀಚಿ ಸೊಸೆಗೆ ತೋರಿಸುತ್ತಿದ್ದೆ. ಅಷ್ಟರಲ್ಲಿ ಕತ್ತಲಾಯಿತು, ಗಾಳಿ ಎದ್ದಿತು. ಕೂಸಿಗೆ ಥಂಡಿಯಾದೀತೆಂದು ಪತ್ನಿಯು ಎಲ್ಲರನ್ನೂ ಮೋಟಾರಿಗೆ ಹತ್ತಿಸಿದಳು.